ಬೀದಿಯ ಹೆಸರು ಹೇಳುವ ಚರಿತ್ರೆ: ಬೀದರ, ಭಾಲ್ಕಿ, ಔರಾದಗಳ ಕೆಲವು ಸ್ಥಳನಾಮಗಳ ವಿಚಾರ

ಒಂದು ಪಟ್ಟಣದ ಪೂರ್ವವೃತ್ತಾಂತವನ್ನು ತಿಳಿಯಲಪೇಕ್ಷಿಸುವವರು ಮೊದಲು ಶಿಲಾಶಾಸನಗಳ ಕಡೆಗೂ, ಅನಂತರ ನಾಣ್ಯ ತಾಮ್ರಪಟಗಳ ಕಡೆಗೂ, ಆಮೇಲೆ ತವಾರೀಖು ಬಖರುಗಳ ಕಡೆಗೂ ದೃಷ್ಟಿ ಹಾಯಿಸುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಇವುಗಳಲ್ಲಿ ಬಹುಭಾಗವು ಅರಸರು ಬರೆಯಿಸಿದ್ದು, ಇಲ್ಲವೆ ಅರಸರ ಅನ್ನವನ್ನುಂಡವರು ಬರೆದದ್ದು. ಬಳೆ ಮಾರಿ ಹೊಟ್ಟೆ ಹೊರೆದವನು, ದಾರಿಹೋಕರಿಗೆ ನೀರೆರೆದವನು, ಹುಡುಗರಿಗೆ ಕುಸ್ತಿಯ ಪಟ್ಟು ಕಲಿಸಿದವನು, ಇವರಾರೂ ಶಾಸನ ಹಾಕಿಸಲಿಲ್ಲ. ಇವರ ಹೆಸರಿನಲ್ಲಿ ಟಂಕಸಾಲೆಯು ನಾಣ್ಯವನ್ನು ಒತ್ತಲಿಲ್ಲ. ಹಾಗಾದರೆ ಇವರು ಚರಿತ್ರೆಯಿಂದ ಅಳಿದೇ ಹೋದರೋ? ಇಲ್ಲ. ಇವರ ಶಾಸನವು ಜನರ ನಾಲಿಗೆಯ ಮೇಲಿದೆ. ಓಣಿಯ ಹೆಸರೇ ಆ ಶಾಸನ.

ಪ್ರಕೃತ ಲೇಖನದಲ್ಲಿ ನಮ್ಮ ಬೀದರ ಪಟ್ಟಣದ ಬೀದಿ, ಬಾಗಿಲು, ಪೇಟೆಗಳ ಕೆಲವು ಹೆಸರುಗಳನ್ನೂ, ಪ್ರಸಂಗಾನುಸಾರವಾಗಿ ಭಾಲ್ಕಿ ಔರಾದಗಳ ಕಡೆಯ ಕೆಲವು ಹೆಸರುಗಳನ್ನೂ ವಿಚಾರಿಸುವೆನು. ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡುವುದು ಇಲ್ಲಿ ಉದ್ದೇಶವಲ್ಲ. ಹೆಸರು ಹೇಗೆ ಹುಟ್ಟುತ್ತದೆ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಸಾಕು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಯಿಂದ ಇಟ್ಟ ಹೆಸರು ಬಹುಮಟ್ಟಿಗೆ ಆಜ್ಞೆ ಮಾಡಿದವನೊಡನೆ ಹೋಗುತ್ತದೆ. ಬಳಕೆಯಿಂದ ಹುಟ್ಟಿದ ಹೆಸರು ಬಳಸುವವರಿರುವ ತನಕ ನಿಲ್ಲುತ್ತದೆ. ಆದರೆ ಬಳಕೆಯ ಹೆಸರಿಗೂ ಒಂದು ಮೃತ್ಯುವಿದೆ. ಅದರ ಅರ್ಥವು ಮರೆತುಹೋದಾಗ ಅದು ಬರಿಯ ಸದ್ದಾಗಿ, ಯಾರು ಬೇಕಾದರೂ ಅಳಿಸಬಹುದಾದ ಗೆರೆಯಂತಾಗುತ್ತದೆ. ಆ ಅವಸ್ಥೆಗೆ ನಾವು ಈಗ ಬಂದು ನಿಂತಿದ್ದೇವೆ.

ಮೊದಲು ಊರಿನ ಹೆಸರನ್ನೇ ನೋಡೋಣ. ಬಹಮನೀ ಅರಸನಾದ ಅಹಮದ ಶಹನು (ಆಳಿಕೆ 1422–1436) ಕಲಬುರಗಿಯನ್ನು ಬಿಟ್ಟು ಬೀದರವನ್ನು ರಾಜಧಾನಿಯಾಗಿ ಮಾಡಿಕೊಂಡಾಗ ಇದಕ್ಕೆ ‘ಮುಹಮ್ಮದಾಬಾದ್’ ಎಂಬ ಹೆಸರು ಬಂದಿತು. ಬಹಮನೀ ನಾಣ್ಯಗಳ ಮೇಲೆ ಆ ಹೆಸರನ್ನೇ ಒತ್ತಿದರು. 1657ರಲ್ಲಿ ಔರಂಗಜೇಬನು ಕೋಟೆಯನ್ನು ಗೆದ್ದು ‘ಜಫರಾಬಾದ್’, ಅಂದರೆ ವಿಜಯನಗರಿ, ಎಂದು ಕರೆದನು. ನಾಣ್ಯದ ಬೆಂಬಲವಿದ್ದ ಹೆಸರೊಂದು, ಸೇನೆಯ ಬೆಂಬಲವಿದ್ದ ಹೆಸರೊಂದು. ಇವೆರಡೂ ಈಗ ಪುಸ್ತಕಗಳಲ್ಲಿ ಮಾತ್ರ ಇವೆ. ಸಂತೆಗೆ ಬರುವ ಒಕ್ಕಲಿಗನು ಆಗಲೂ ‘ಬೀದರಕ್ಕೆ ಹೋಗುತ್ತೇನೆ’ ಎಂದನು, ಈಗಲೂ ಹಾಗೆಯೇ ಅನ್ನುತ್ತಾನೆ. ಇಷ್ಟೇ ಅಲ್ಲ. ಸತುವು ತಾಮ್ರಗಳ ಮಿಶ್ರಣದ ಮೇಲೆ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ನಮ್ಮ ಕೈಗೆಲಸಕ್ಕೆ ‘ಬಿದರಿ’ ಎಂಬ ಹೆಸರೇ ನಿಂತಿತಲ್ಲದೆ ಮುಹಮ್ಮದಾಬಾದಿಯೆಂದಾಗಲಿ ಜಫರಾಬಾದಿಯೆಂದಾಗಲಿ ಯಾರೂ ಅನ್ನಲಿಲ್ಲ. ಕುಶಲಕರ್ಮಿಗಳ ಬಾಯಲ್ಲಿ ಉಳಿದ ಹೆಸರು ಪರದೇಶಗಳ ವಸ್ತುಸಂಗ್ರಹಾಲಯಗಳ ಫಲಕಗಳ ಮೇಲೂ ಏರಿತು.

ಇನ್ನು ಬೀದರ ಶಬ್ದದ ಮೂಲವೇನು? ಮಹಾಭಾರತದ ವಿದುರನ ಊರು ಇದೆಂದು ಹೇಳುವವರಿದ್ದಾರೆ. 17ನೆಯ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿದ್ದುಕೊಂಡು ಚರಿತ್ರೆಯನ್ನು ಬರೆದ ಫಿರಿಸ್ತನು ದಮಯಂತಿಯ ತಂದೆಯಾದ ಭೀಮರಾಜನ ಸಂಬಂಧವನ್ನು ಈ ಊರಿಗೆ ಕಲ್ಪಿಸಿದ್ದಾನೆ. ಕಥೆಗಳು ರಮ್ಯವಾಗಿವೆ. ಆದರೆ ವಿದುರನು ಹಸ್ತಿನಾವತಿಯಲ್ಲಿದ್ದವನು. ವಿದರ್ಭವು ಇಲ್ಲಿಂದ ಬಡಗಣಕ್ಕಿರುವ ಬೇರೆ ನಾಡು. ಕನ್ನಡದ ‘ಬಿದಿರು’ ಎಂಬ ಶಬ್ದವೇ ಹೆಚ್ಚು ಸಮೀಪವಾಗಿ ಕಾಣುತ್ತದೆ. ಇದಕ್ಕೆ ಸಾದೃಶ್ಯವೂ ಇದೆ. ತುಳುನಾಡಿನ ಮೂಡುಬಿದಿರೆಗೂ, ಮಲೆನಾಡಿನ ಬಿದನೂರಿಗೂ ಸಂಸ್ಕೃತದಲ್ಲಿ ‘ವೇಣುಪುರ’ ಎಂಬ ಹೆಸರಿದೆ. ವೇಣುವೆಂದರೆ ಬಿದಿರೇ ಅಲ್ಲವೆ? ಸಂಸ್ಕೃತವನ್ನೋದಿದ ನಮ್ಮಂಥವರಿಗೆ ಕಂಡ ಹೆಸರನ್ನೆಲ್ಲ ಧಾತುಪಾಠಕ್ಕೆ ತಂದು ಕಟ್ಟುವ ಚಾಪಲ್ಯವಿರುತ್ತದೆ. ಆದುದರಿಂದ ಮೊದಲೇ ಒಂದು ನಿಯಮವನ್ನು ಮಾಡಿಕೊಳ್ಳುವುದು ಒಳ್ಳೆಯದು: ಹೆಸರಿನ ಅರ್ಥವನ್ನು ಆ ಹೆಸರನ್ನು ಬಳಸಿದ ಜನರ ನುಡಿಯಲ್ಲಿ ಮೊದಲು ಹುಡುಕಬೇಕು, ಅಲ್ಲಿ ದೊರೆಯದಿದ್ದರೆ ಮಾತ್ರ ದೂರ ಹೋಗಬೇಕು.

ಬಿದನೂರಿನ ಪ್ರಸ್ತಾಪ ಬಂದುದರಿಂದ ನಮ್ಮ ಸಿದ್ಧಾಂತಕ್ಕೆ ಅಡ್ಡಬರುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳತಕ್ಕದ್ದು. 1763ರಲ್ಲಿ ಹೈದರಲಿಯು ಬಿದನೂರನ್ನು ಗೆದ್ದು ‘ಹೈದರನಗರ’ ಎಂದು ಹೆಸರಿಟ್ಟನು. ಆ ಊರನ್ನು ಈಗ ‘ನಗರ’ ಎನ್ನುತ್ತಾರೆ. ಅಂದರೆ ಜನರು ಆಜ್ಞೆಯ ಅರ್ಧವನ್ನು ಸ್ವೀಕರಿಸಿ, ಆಜ್ಞೆ ಮಾಡಿದವನ ಹೆಸರನ್ನು ಬಿಟ್ಟರು. ಆಜ್ಞೆಯು ಯಾವಾಗಲೂ ಸೋಲುವುದೆಂದಲ್ಲ. ಗೆದ್ದರೂ ಜನರ ಬಾಯಲ್ಲಿ ಸವೆದೇ ಗೆಲ್ಲುತ್ತದೆ.

ಈಗ ಪಟ್ಟಣದ ಒಳಗೆ ಹೋಗೋಣ. ನಮ್ಮ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ದುರ್ಗನಿವೇಶವನ್ನು ಹೇಳುವಾಗ, ಮೂಡಪಡುವಲಾಗಿ ಮೂರು ರಾಜಮಾರ್ಗಗಳೂ, ತೆಂಕಬಡಗಲಾಗಿ ಮೂರು ರಾಜಮಾರ್ಗಗಳೂ, ಹನ್ನೆರಡು ದ್ವಾರಗಳೂ ಇರಬೇಕೆಂದೂ, ಗಂಧಮಾಲ್ಯಗಳನ್ನು ಮಾರುವವರು ಇಂಥ ದಿಕ್ಕಿನಲ್ಲಿ, ಇಂಥಿಂಥ ಕಸುಬಿನವರು ಇಂಥ ದಿಕ್ಕಿನಲ್ಲಿ ವಾಸಿಸಬೇಕೆಂದೂ ವಿಧಿಸಿದ್ದಾನೆ. ಬೀದರದ ಹಳೆಯ ಪಟ್ಟಣವನ್ನು ಕಟ್ಟಿದವರು ಕೌಟಿಲ್ಯನನ್ನು ಓದಿದ್ದರೆಂದು ಯಾರೂ ಹೇಳಲಾರರು. ಆದರೆ ಕಸುಬಿನವರು ಕಸುಬಿನವರ ಬಳಿ ನೆಲೆಸುವುದೂ, ಆ ನೆಲೆಗೆ ಕಸುಬಿನ ಹೆಸರೇ ಬರುವುದೂ ಎಲ್ಲ ದೇಶಗಳ ಪಟ್ಟಣಗಳಿಗೂ ಸಮಾನವಾದ ಧರ್ಮ.

ಪಟ್ಟಣದ ನಡುವೆ ನಾಲ್ಕು ದಾರಿಗಳು ಕೂಡುವ ಸ್ಥಳದಲ್ಲಿ 71 ಅಡಿ ಎತ್ತರದ ದುಂಡಾದ ಗೋಪುರವೊಂದಿದೆ. ಅದೇ ಚೌಬಾರಾ. ಹಿಂದೀ ನಿಘಂಟುಕಾರರು ಈ ಶಬ್ದವನ್ನು ‘ಚೌ’, ಅಂದರೆ ನಾಲ್ಕು, ‘ಬಾರ’, ಅಂದರೆ ದ್ವಾರ, ಎಂದು ಬಿಡಿಸುತ್ತಾರೆ. ಸಂಸ್ಕೃತದ ‘ಚತುರ್ದ್ವಾರ’ವು ಪ್ರಾಕೃತದ ಬಾಯಲ್ಲಿ ಸವೆದು ಹೀಗಾಯಿತು. ನಾಲ್ಕು ದಿಕ್ಕಿನ ದಾರಿಗಳನ್ನೂ ಕಾಯುವ ಕಾವಲುಗೋಪುರಕ್ಕೆ ಈ ಹೆಸರು ಎಷ್ಟು ಸಾರ್ಥಕವೆಂಬುದನ್ನು ಅದರ ಬುಡದಲ್ಲಿ ನಿಂತು ನಾಲ್ಕು ಕಡೆಗೂ ನೋಡಿದವರಿಗೆ ಹೇಳಬೇಕಾದುದಿಲ್ಲ.

ಈ ಹಳೆಯ ಪಟ್ಟಣದಲ್ಲಿ ನಾಲ್ಕು ‘ತಾಲೀಮು’ಗಳು ಪ್ರಸಿದ್ಧವಾಗಿವೆ: ಸಿದ್ದೀಖ ಶಹನ ತಾಲೀಮು, ನೂರ ಖಾನನ ತಾಲೀಮು, ಮನ್ಹಿಯಾರ ತಾಲೀಮು, ಪನ್ಸಾಲ ತಾಲೀಮು. ಇವು ಈಗ ಕೇರಿಗಳ ಹೆಸರುಗಳಾಗಿವೆ. ‘ತಾಲೀಮು’ ಎಂಬುದು ಅರಬ್ಬಿಯಿಂದ ಬಂದ ಶಬ್ದ. ಅಲ್ಲಿ ಅದಕ್ಕೆ ಶಿಕ್ಷಣವೆಂದರ್ಥ. ಈ ಹೆಸರನ್ನು ಕೇಳಿದ ಪರಸ್ಥಳದವರು ಇಲ್ಲಿ ನಾಲ್ಕು ಪಾಠಶಾಲೆಗಳಿದ್ದುವೆಂದು ಭಾವಿಸುವುದುಂಟು. ಆದರೆ ದಖ್ಖಣದಲ್ಲಿ, ವಿಶೇಷವಾಗಿ ಮರಾಠೀ ಮತ್ತು ಉತ್ತರಕರ್ನಾಟಕದ ಕನ್ನಡದಲ್ಲಿ, ತಾಲೀಮು ಎಂದರೆ ಗರಡಿಮನೆ. ಕೆಮ್ಮಣ್ಣಿನ ಅಖಾಡದಲ್ಲಿ ಮೈ ಪಳಗಿಸುವ ಸ್ಥಳ. ಪಟ್ಟಣದ ಹುಡುಗರು ದಂಡ ಬೈಠಕು ಹೊಡೆದು, ಲೋಡು ತಿರುಗಿಸಿ, ಕೋಲುವರಸೆ ಕಲಿಯುವ ಶಾಲೆ. ಕೇರಿಗೊಂದು ಗರಡಿಯಲ್ಲ, ಗರಡಿಗೊಂದು ಕೇರಿ ಎಂಬಂತೆ ಪಟ್ಟಣವು ತನ್ನನ್ನು ಹಂಚಿಕೊಂಡಿತು. ಗುಡಿಯ ಹೆಸರಿನಿಂದಲೂ ಮಸೀದಿಯ ಹೆಸರಿನಿಂದಲೂ ಕೇರಿಗಳನ್ನು ಕರೆಯುವುದು ಎಲ್ಲೆಲ್ಲಿಯೂ ಉಂಟು. ಮೈ ಪಳಗಿಸುವ ಮನೆಯ ಹೆಸರಿನಿಂದ ಕರೆಯುವುದು ಬೀದರದ ವೈಶಿಷ್ಟ್ಯವೆನ್ನಬೇಕು.

ಮನ್ಹಿಯಾರ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸೋಣ. ಸಂಸ್ಕೃತದಲ್ಲಿ ‘ಮಣಿಕಾರ’ನೆಂದರೆ ಮಣಿಗಳ ಕೆಲಸ ಮಾಡುವವನು. ಪ್ರಾಕೃತದಲ್ಲಿ ನಡುವಣ ಕಕಾರವು ಜಾರಿಹೋಗಿ ‘ಮಣಿಯಾರ’ವಾಯಿತು, ಹಿಂದಿಯಲ್ಲಿ ‘ಮನಿಹಾರ’ವಾಯಿತು. ಅರ್ಥವೂ ಶಬ್ದದೊಡನೆ ಇಳಿಯುತ್ತ ಬಂದು, ರತ್ನಕ್ಕೆ ಸಾಣೆ ಹಿಡಿಯುವವನ ಹೆಸರು ಗಾಜಿನ ಬಳೆ ತೊಡಿಸುವವನಿಗೆ ನಿಂತಿತು. ನಮ್ಮ ಕನ್ನಡದ ಬಳೆಗಾರನೇ ಇವನು. ಅರಬ್ಬಿಯ ತಾಲೀಮು, ಸಂಸ್ಕೃತದಿಂದಿಳಿದ ಮನ್ಹಿಯಾರ, ಇವೆರಡನ್ನೂ ಕೂಡಿಸಿ ನುಡಿಯುವ ಬೀದರದ ನಾಲಿಗೆ! ಯಾವ ವ್ಯಾಕರಣವೂ ಒಪ್ಪದ ಈ ಸಮಾಸವನ್ನು ಪಟ್ಟಣವು ನಿರಾಯಾಸವಾಗಿ ಉಚ್ಚರಿಸುತ್ತ ಬಂದಿದೆ.

ಪನ್ಸಾಲವೂ ಹೀಗೆಯೇ. ಹಿಂದಿಯ ‘ಪನಸಾಲ’ ಎಂಬ ಶಬ್ದಕ್ಕೆ ದಾರಿಹೋಕರಿಗೆ ನೀರು ಕುಡಿಸುವ ಸ್ಥಳವೆಂದರ್ಥ. ಅದು ಸಂಸ್ಕೃತದ ‘ಪಾನೀಯಶಾಲಾ’, ನಮ್ಮ ಅರವಟ್ಟಿಗೆ. ಕೇರಿಯ ಹೆಸರಿಗೂ ಇದೇ ಮೂಲವಾದರೆ, ಯಾವನೋ ಪುಣ್ಯಾತ್ಮನು ಬೇಸಗೆಯಲ್ಲಿ ಗಡಿಗೆಗಳನ್ನಿಟ್ಟು ನೀರೆರೆದ ಧರ್ಮವು ಅವನ ಹೆಸರಿಲ್ಲದೆ ಇಲ್ಲಿ ನಿಂತಿದೆ. ದಾನಿಯ ಹೆಸರಿಲ್ಲ, ದಾನದ ಹೆಸರಿದೆ. ಇದಕ್ಕಿಂತ ಮೇಲಾದ ದಾನಶಾಸನವು ಬೇರಿಲ್ಲ.

ಇನ್ನು ಬಾಗಿಲುಗಳು. ಕೋಟೆಯ ಬಾಗಿಲುಗಳಲ್ಲಿ ಕೆಲವಕ್ಕೆ ದೂರದ ಊರು ನಾಡುಗಳ ಹೆಸರುಗಳಿವೆ: ಮಾಂಡೂ ದರವಾಜಾ, ದಿಲ್ಲೀ ದರವಾಜಾ, ಕಲ್ಯಾಣೀ ದರವಾಜಾ, ಕರ್ನಾಟಕ ದರವಾಜಾ. ಮಾಂಡೂ ಎಂದರೆ ಮಾಳವ ದೇಶದ ಸುಲ್ತಾನರ ರಾಜಧಾನಿ. ಕಲ್ಯಾಣಿಯೆಂದರೆ ಚಾಲುಕ್ಯರ ರಾಜಧಾನಿಯೂ ಬಸವಾದಿ ಶರಣರ ಕರ್ಮಭೂಮಿಯೂ ಆದ ಕಲ್ಯಾಣ. 1956ರ ಬಳಿಕ ಬಸವಕಲ್ಯಾಣವೆಂದು ಹೆಸರಾದ ಊರು. ಬಾಗಿಲ ಹೆಸರು ಬಾಗಿಲೊಳಗಿನದನ್ನು ಹೇಳುವುದಿಲ್ಲ, ಹೊರಗಿನದನ್ನು ಹೇಳುತ್ತದೆ. ಒಂದು ರಾಜಧಾನಿಯು ತನ್ನ ಸುತ್ತಣ ಜಗತ್ತನ್ನು ಹೇಗೆ ಎಣಿಸಿಕೊಂಡಿತ್ತೆಂಬುದಕ್ಕೆ ಈ ನಾಲ್ಕು ಹೆಸರುಗಳು ಒಂದು ಭೂಪಟದಂತಿವೆ. ಶರ್ಜಾ ದರವಾಜೆಗೆ ಮಾತ್ರ ಅದರ ಮುಖದ ಮೇಲೆ ಕೆತ್ತಿದ ಹುಲಿಗಳಿಂದ ಹೆಸರು ಬಂದಿದೆ.

ಪಟ್ಟಣದ ಸುತ್ತಣ ಗೋಡೆಯ ಬಾಗಿಲುಗಳು ಐದು: ಶಹಾಗಂಜ, ಫತೇ, ಮಂಗಲಪೇಟ, ದುಲ್ಹನ, ತಲಘಾಟ. ಇಲ್ಲಿ ರಾಜಧಾನಿಗಳ ಹೆಸರಿಲ್ಲ, ಊರವರ ವ್ಯವಹಾರವಿದೆ. ಫತೇ ಎಂದರೆ ಜಯ. ದುಲ್ಹನ ಎಂದರೆ ಮದುವಣಗಿತ್ತಿ. ತಲಘಾಟವೆಂಬುದು ಕೆಳಗಣ ಘಟ್ಟ. ಕೆಮ್ಮುರಕಲ್ಲಿನ ಎತ್ತರದ ನೆಲದ ಅಂಚಿನಲ್ಲಿ ಬೀದರವು ಕುಳಿತಿದೆಯೆಂಬುದನ್ನು ಭೂಗೋಳವನ್ನು ಓದದವನಿಗೂ ಈ ಒಂದು ಶಬ್ದವು ತಿಳಿಸುತ್ತದೆ. ಮಂಗಲಪೇಟದಲ್ಲಿ ‘ಪೇಟೆ’ ಎಂಬ ನಮ್ಮ ಶಬ್ದವಿದೆ. ಶಹಾಗಂಜದಲ್ಲಿ ‘ಗಂಜ’ ಎಂಬ ಪಾರಸೀ ಶಬ್ದವಿದೆ. ಅದಕ್ಕೆ ಮೊದಲು ಭಂಡಾರವೆಂದೂ ಆಮೇಲೆ ಧಾನ್ಯದ ಪೇಟೆಯೆಂದೂ ಅರ್ಥ. ಈ ಶಬ್ದವು ಮುಸಲ್ಮಾನ ಅರಸರೊಡನೆಯೇ ಬಂದಿತೆಂದು ತಿಳಿಯಬೇಡಿರಿ. 12ನೆಯ ಶತಮಾನದ ಕಲ್ಹಣನ ರಾಜತರಂಗಿಣಿಯಲ್ಲಿಯೇ ‘ಗಂಜ’ವು ಭಂಡಾರವೆಂಬ ಅರ್ಥದಲ್ಲಿ ಸಂಸ್ಕೃತದ ವೇಷವನ್ನು ಧರಿಸಿ ಕುಳಿತಿದೆ. ಶಬ್ದಗಳು ವರ್ತಕರಂತೆ, ಸೇನೆಗಿಂತ ಮೊದಲೇ ದೇಶವನ್ನು ಸೇರುತ್ತವೆ.

ಗಂಜಗಳ ವಂಶವು ಬೀದರದಲ್ಲಿ ಮುಂದುವರಿದಿದೆ. ಶಹಾಗಂಜದ ಬಳಿಕ ಹೈದರಾಬಾದಿನ ಕಡೆಯ ನಿಜಾಮನಾದ ಮೀರ ಉಸ್ಮಾನ ಅಲಿ ಖಾನನ ಹೆಸರಿನ ಉಸ್ಮಾನಗಂಜವುಂಟು, ಸ್ವಾತಂತ್ರ್ಯಾನಂತರದ ಗಾಂಧೀಗಂಜವುಂಟು. ಮೊದಲ ಪದವು ಕಾಲಕ್ಕೆ ತಕ್ಕಂತೆ ಬದಲಾಯಿತು: ಶಹ, ನಿಜಾಮ, ಮಹಾತ್ಮ. ಎರಡನೆಯ ಪದವು ಬದಲಾಗಲಿಲ್ಲ. ಏಕೆಂದರೆ ಜೋಳ ತೊಗರಿಗಳನ್ನು ಅಳೆಯುವ ಕೆಲಸವು ಬದಲಾಗಲಿಲ್ಲ. ಮೇಲೆ ಹೇಳಿದ ಸಿದ್ಧಾಂತಕ್ಕೆ ಈ ಮೂರು ಗಂಜಗಳೇ ಸಾಕ್ಷಿ.

ದೂರದೇಶಗಳಿಂದ ಬಂದವರ ನೆನಪೂ ನಮ್ಮ ಸ್ಥಳನಾಮಗಳಲ್ಲಿದೆ. ಗವಾನ ಚೌಕದ ಹೆಸರಿಗೆ ಕಾರಣನಾದ ಮಹಮೂದ ಗವಾನನು ಪಾರಸೀಕ ದೇಶದ ಗೀಲಾನ ಪ್ರಾಂತದವನು. ವರ್ತಕನಾಗಿ ಬಂದು ಬಹಮನೀ ರಾಜ್ಯದ ಮಂತ್ರಿಯಾಗಿ, 1472ರಲ್ಲಿ ಮದರಸಾ ಕಟ್ಟಿಸಿ, 1481ರಲ್ಲಿ ಮಿಥ್ಯಾಪವಾದಕ್ಕೆ ಸಿಕ್ಕಿ ಅರಸನ ಆಜ್ಞೆಯಿಂದ ಶಿರಚ್ಛೇದಕ್ಕೊಳಗಾದವನು. ಕೊಲ್ಲಿಸಿದ ಅರಸನ ಹೆಸರನ್ನು ಬೀದಿಯಲ್ಲಿ ಕೇಳಿದರೆ ಹೇಳುವವರು ವಿರಳ; ಕೊಲೆಯಾದ ಮಂತ್ರಿಯ ಹೆಸರಿನಲ್ಲಿ ಚೌಕವಿದೆ. ಚೌಬಾರಾದಿಂದ ಮದರಸಾಕ್ಕೆ ಹೋಗುವ ದಾರಿಯಲ್ಲಿ ‘ತಖ್ತೇ ಕಿರ್ಮಾನಿ’ ಎಂಬ ಕಟ್ಟಡವಿದೆ. ಕಿರ್ಮಾನವೂ ಪಾರಸೀಕ ದೇಶದ್ದೇ. ಅಲ್ಲಿಯ ಸಂತ ಶಹ ನಿಅಮತುಲ್ಲಾನ ಮಗನಾದ ಖಲೀಲುಲ್ಲಾನು ಬೀದರಕ್ಕೆ ಬಂದು ನೆಲೆಸಿದನು. ಮುಲ್ತಾನೀ ಪಾದಶಹರ ದರ್ಗೆಯ ಹೆಸರಿನಲ್ಲಿ ಸಿಂಧೂನದಿಯ ಪ್ರಾಂತದ ಮುಲ್ತಾನವಿದೆ. ಪಟ್ಟಣದ ಹೊರಗಣ ದಿಬ್ಬದ ‘ಹಬಶೀ ಕೋಟ’ದಲ್ಲಿ ಸಮುದ್ರದಾಚೆಯ ಅಬಿಸೀನಿಯಾ ದೇಶವಿದೆ, ಅಲ್ಲಿಂದ ಬಂದು ಸರದಾರರಾದವರ ಗೋರಿಗಳು ಅಲ್ಲಿವೆ. ಒಂದು ತಾಸಿನ ನಡಿಗೆಯಲ್ಲಿ ಇಷ್ಟು ದೇಶಗಳನ್ನು ಸುತ್ತಿಬರುವ ಭಾಗ್ಯವು ಬೀದರದವರಿಗಿದೆ. ಆದರೆ ಆ ಹೆಸರುಗಳನ್ನು ಕೇಳಿಸಿಕೊಳ್ಳುವ ಕಿವಿಯಿರಬೇಕು.

ಅರ್ಥವು ಮರೆತರೆ ಆಗುವ ಹಾನಿಗೆ ‘ಜಮನಾ ಮೋರಿ’ ಎಂಬ ಹೆಸರು ಉತ್ತಮ ನಿದರ್ಶನ. ‘ಮೋರಿ’ ಎಂದೊಡನೆ ಈಗಿನ ಕನ್ನಡಿಗನು ಮೂಗು ಮುಚ್ಚಿಕೊಳ್ಳುತ್ತಾನೆ; ಅದು ಬಚ್ಚಲನೀರಿನ ಕಾಲುವೆಯೆಂದು ತಿಳಿಯುತ್ತಾನೆ. ಆದರೆ ಬೀದರದ ಜಮನಾ ಮೋರಿಯು ಹಳೆಯ ಪಟ್ಟಣದ ಓಣಿಗಳ ಕೆಳಗೆ ನೀರನ್ನು ಹಂಚುತ್ತಿದ್ದ ಕಾಲುವೆಗಳ ಜಾಲ. ಹೆಸರಿನಲ್ಲಿಯೇ ಯಮುನೆಯಿದ್ದಾಳೆ. ಇದರೊಡನೆ ನೌಬಾದದ ಕಾರೇಜು, ಶುಕ್ಲತೀರ್ಥದ ಕಾರೇಜು ಎಂದು ಇನ್ನೆರಡು ಉಂಟು. ಕಾರೇಜು ಎಂದರೆ ಪಾರಸೀಕ ದೇಶದ ವಿದ್ಯೆ: ಎತ್ತರದ ನೆಲದ ಒಳಜಲವನ್ನು ಹುಡುಕಿ, ನೆಲದೊಳಗೆ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಂಡಿಗಳನ್ನು ಬಿಟ್ಟು, ಕಪಿಲೆಯಿಲ್ಲದೆ ಏತವಿಲ್ಲದೆ ಇಳಿಜಾರಿನಿಂದಲೇ ನೀರನ್ನು ಹರಿಸುವ ಉಪಾಯ. ಬಹಮನೀ ಕಾಲದಲ್ಲಿ ಬೀದರದ ಮುರಕಲ್ಲಿಗೆ ಈ ವಿದ್ಯೆ ಹೊಂದಿಕೊಂಡಿತು. ಕಾಲಕ್ರಮದಲ್ಲಿ ಸುರಂಗಗಳು ಹೂಳು ತುಂಬಿ ಮರೆಯಾದುವು. 21ನೆಯ ಶತಮಾನದ ಎರಡನೆಯ ದಶಕದಲ್ಲಿ ಭೂಗೋಳಜ್ಞರು ಶೋಧಿಸಿ ಹೂಳೆತ್ತಿಸಿದಾಗ ನೌಬಾದದ ಕಾರೇಜು ಲೋಕಕ್ಕೆ ಪುನಃ ಪರಿಚಯವಾಯಿತು. ವಸ್ತುವು ಮಣ್ಣಿನಡಿ ಹೋದ ಮೇಲೂ ಹೆಸರು ಮೇಲೆ ಕಾಯುತ್ತ ಕುಳಿತಿತ್ತು. ಆ ಹೆಸರನ್ನು ಯಾರಾದರೂ ಹೀನವೆಂದು ಬಗೆದು ಬದಲಿಸಿದ್ದರೆ, ಹುಡುಕುವವನಿಗೆ ಒಂದು ಸುಳಿವು ಕಡಮೆಯಾಗುತ್ತಿತ್ತು. ಬರಗಾಲದ ಸೀಮೆಯಲ್ಲಿ ನೀರಿನ ಸುಳಿವಿಗೆ ಬೆಲೆ ಎಷ್ಟೆಂಬುದನ್ನು ಯಾರಿಗೂ ಹೇಳಬೇಕಾದುದಿಲ್ಲ.

ಭಾಲ್ಕಿ ಔರಾದಗಳ ಕಡೆಗೆ ಬಂದರೆ ಹೆಸರುಗಳ ಬಣ್ಣ ಬೇರೆಯಾಗುತ್ತದೆ. ಬೀದರದಲ್ಲಿ ಪಾರಸೀ ಅರಬ್ಬಿಗಳು ಮುಂದಾಗಿದ್ದರೆ ಇಲ್ಲಿ ಕನ್ನಡ ಮರಾಠಿಗಳು ಹೆಣೆದುಕೊಂಡಿವೆ. ಕನ್ನಡದ ಕೇರಿ ಮತ್ತು ಓಣಿ, ಮರಾಠಿಯ ಗಲ್ಲಿ ಮತ್ತು ವಾಡಾ, ಇವೆಲ್ಲವನ್ನೂ ಒಬ್ಬನೇ ಮನುಷ್ಯನು ಒಂದೇ ದಿನದಲ್ಲಿ ಬಳಸುತ್ತಾನೆ. ವಾಡಾ ಎಂಬುದು ಸಂಸ್ಕೃತದ ‘ವಾಟ’, ಬೀದಿ ಎಂಬುದು ‘ವೀಥಿ’, ಚೌಕವು ‘ಚತುಷ್ಕ’. ಭಾಲ್ಕಿಯಲ್ಲಿ ಭಾಲ್ಕೇಶ್ವರನ ಗುಡಿಯಿದೆ. ಊರಿನ ಹೆಸರಿಗೆ ಈಶ್ವರ ಶಬ್ದವನ್ನು ಕೂಡಿಸಿ ದೇವರನ್ನು ಕರೆಯುವುದು ನಮ್ಮ ನಾಡಿನ ಪುರಾತನ ಪದ್ಧತಿ; ಊರನ್ನು ದೇವರಿಗೆ ಒಪ್ಪಿಸುವ ರೀತಿ ಅದು. ಔರಾದದ ಕಡೆ ಠಾಣಾ ಕುಶನೂರು ಎಂಬ ಗ್ರಾಮವಿದೆ. ಠಾಣೆಯೆಂಬುದು ಸಂಸ್ಕೃತದ ‘ಸ್ಥಾನ’ವೇ. ರಾಜ್ಯದ ಕಾವಲು ನಿಲ್ಲುವ ಸ್ಥಳಕ್ಕೆ ಆ ಹೆಸರು ರೂಢಿಯಾಯಿತು.

ಹೆಸರಿನಲ್ಲಿ ನುಡಿಯ ಪ್ರಶ್ನೆಯೂ ಅಡಗಿದೆಯೆಂಬುದನ್ನು ಭಾಲ್ಕಿಯವರಿಗೆ ಬೇರೆಯವರು ಕಲಿಸಬೇಕಾದುದಿಲ್ಲ. ನಿಜಾಮರ ರಾಜ್ಯದಲ್ಲಿ ಉರ್ದುವೇ ರಾಜಭಾಷೆಯೂ ಶಿಕ್ಷಣದ ಭಾಷೆಯೂ ಆಗಿದ್ದಾಗ, ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು (ಲಿಂಗೈಕ್ಯ 1999) ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಪ್ರಸಿದ್ಧವೇ ಆಗಿದೆ. ಫಲಕವು ಸರಕಾರದ್ದು, ನಾಲಿಗೆಯು ಜನರದ್ದು ಎಂಬ ನಮ್ಮ ವಿಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

1956ನೆಯ ನವೆಂಬರ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ, ಉಳಿದವು ಮೈಸೂರು ರಾಜ್ಯಕ್ಕೂ ಸೇರಿದುವು. ಹೆಸರುಗಳು ಮಾತ್ರ ಗೆರೆಯನ್ನು ಲೆಕ್ಕಿಸಲಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಔರಾದವಿದ್ದರೆ, ನಿಲಂಗಾ ತಾಲೂಕಿನಲ್ಲಿ ಔರಾದ ಶಹಾಜಾನಿಯಿದೆ. ಅದನ್ನು ಜನರು ಪೂರ್ಣ ಶಬ್ದದಿಂದ ಗುರುತಿಸುತ್ತಾರೆ. ನಮ್ಮದಕ್ಕೆ ಕಚೇರಿಯ ಕಾಗದಗಳಲ್ಲಿ ‘ಬಿ’ ಎಂಬ ಒಂದಕ್ಷರವನ್ನು ಅಂಟಿಸಿದ್ದಾರೆ. ಹಳ್ಳಿಗಳ ಹೆಸರುಗಳಲ್ಲಿಯೂ ದೊಡ್ಡದು ಎಂಬರ್ಥದ ‘ಬುಜುರ್ಗ’ವೂ ಸಣ್ಣದು ಎಂಬರ್ಥದ ‘ಖುರ್ದ’ವೂ ‘ಬಿ’ ‘ಕೆ’ಗಳಾಗಿ ಕುಗ್ಗಿರುವುದನ್ನು ಕಾಣುತ್ತೇವೆ. ಕಾಗದದಲ್ಲಿ ಸ್ಥಳ ಉಳಿಯಿತು, ಶಬ್ದವು ಹೋಯಿತು. ಅಕ್ಷರವನ್ನು ಓದುವ ಹುಡುಗನಿಗೆ ಅದರ ಹಿಂದೆ ಒಂದು ಮಾತಿತ್ತೆಂಬುದೇ ತಿಳಿಯದು. ಹೆಸರು ಸಾಯುವ ರೀತಿಗಳಲ್ಲಿ ಇದೂ ಒಂದು.

ಇದು ನಮ್ಮ ಸೀಮೆಯ ಸಂಗತಿ ಮಾತ್ರವಲ್ಲ. ಜರ್ಮನಿಯಲ್ಲಿ ರೈನ್ ನದಿಯ ದಡದ ಕೊಲೋನ್ ಪಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಅಲ್ಲಿಯೂ ಉಪ್ಪಿನ ಓಣಿ, ಹುಲ್ಲಿನ ಪೇಟೆ, ಅಕ್ಕಸಾಲಿಗರ ಕೇರಿ ಎಂಬರ್ಥದ ಹಳೆಯ ಹೆಸರುಗಳಿವೆ. 1794ರಿಂದ 1814ರ ವರೆಗೆ ಅದು ಫ್ರೆಂಚರ ಅಧೀನವಾಗಿದ್ದಾಗ ಬೀದಿಗಳಿಗೆಲ್ಲ ಫ್ರೆಂಚ್ ಹೆಸರುಗಳನ್ನು ಕಲ್ಪಿಸುವ ಕೆಲಸವು ವಾಲ್‌ರಾಫ್ ಎಂಬ ಸ್ಥಳೀಯ ವಿದ್ವಾಂಸನ ಪಾಲಿಗೆ ಬಂದಿತು. ಫ್ರೆಂಚರು ಹೋದರು, ಉಪ್ಪಿನ ಓಣಿಯು ಜರ್ಮನ್ ನುಡಿಯಲ್ಲಿ ಉಪ್ಪಿನ ಓಣಿಯಾಗಿಯೇ ಉಳಿದಿದೆ. 1933ರ ಬಳಿಕ ಜರ್ಮನಿಯ ಅನೇಕ ಊರುಗಳಲ್ಲಿ ಮುಖ್ಯ ಚೌಕಕ್ಕೆ ಹಿಟ್ಲರನ ಹೆಸರಿಟ್ಟರು. 1945ರಲ್ಲಿ ಆ ಫಲಕಗಳನ್ನು ಕಿತ್ತರು. ಹನ್ನೆರಡು ವರ್ಷಗಳಷ್ಟೇ ಅದರ ಆಯುಸ್ಸು.

ಕೊಲೋನಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕ್ರಿ.ಶ. 50ರಲ್ಲಿ ರೋಮಕರು ಅದಕ್ಕೆ ‘ಕೊಲೋನಿಯಾ’ ಎಂಬ ಪದವಿಯನ್ನು ಕೊಟ್ಟರು. ಉಳುವವನು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು ಅದು. ಪರಸ್ಥಳದಲ್ಲಿ ನೆಲಸುವವರ ಪಾಳೆಯ. ಆ ಶಬ್ದವೇ ಸವೆದು ಊರಿನ ಹೆಸರಾಯಿತು. ಅದೇ ಶಬ್ದವು ಇಂಗ್ಲಿಷಿನ ಮೂಲಕ ‘ಕಾಲನಿ’ಯಾಗಿ ಬೀದರದ ಹೊಸ ಬಡಾವಣೆಗಳ ಬಾಲದಲ್ಲಿ ಕುಳಿತಿದೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮಕ ಸೈನಿಕನ ಶಬ್ದವನ್ನು ಬೀದರದ ಗೃಹಸ್ಥನು ತನ್ನ ಮನೆಯ ವಿಳಾಸದಲ್ಲಿ ಬರೆಯುತ್ತಿದ್ದಾನೆ!

ಕಾಲನಿ, ನಗರ, ಲೇಔಟು, ಸರ್ಕಲು ಎಂಬ ಹೊಸ ಹೆಸರುಗಳ ಮೇಲೆ ನನಗೆ ದ್ವೇಷವಿಲ್ಲ. ಬಸವೇಶ್ವರ ವೃತ್ತ, ಅಂಬೇಡ್ಕರ್ ವೃತ್ತ, ಹರಳಯ್ಯ ವೃತ್ತಗಳು ಬೀದರಕ್ಕೆ ಭೂಷಣವೇ ಆಗಿವೆ. ಹರಳಯ್ಯನನ್ನೇ ನೋಡಿರಿ. ಕಲ್ಯಾಣದಲ್ಲಿ ಕೆರವು ಮಾಡುವ ಕಾಯಕದ ಶರಣ. ಬಿಜ್ಜಳನ ಕಾಲದಲ್ಲಿ ಘೋರವಾದ ಮರಣದಂಡನೆಗೆ ಗುರಿಯಾದವನು. ಆತನ ವರ್ಗದವರ ಕೇರಿಗಳಿಗೆ ಶತಮಾನಗಳ ವರೆಗೆ ಜಾತಿಯ ಹೆಸರೊಂದೇ ಇತ್ತು, ಮನುಷ್ಯನ ಹೆಸರಿರಲಿಲ್ಲ. ಈಗ ನಡುಪಟ್ಟಣದಲ್ಲಿ ಆತನ ಹೆಸರು ನಿಂತಿರುವುದು ನ್ಯಾಯವಾದುದು. ಹಳೆಯ ಹೆಸರುಗಳೆಲ್ಲ ಪವಿತ್ರವೆಂದು ವಾದಿಸುವವರು ಈ ಸಂಗತಿಯನ್ನು ಮರೆಯಬಾರದು. ಕೆಲವು ಹೆಸರುಗಳು ಕಸುಬನ್ನು ಹೇಳುತ್ತವೆ. ಕೆಲವು ಹೆಸರುಗಳು ಅಪಮಾನವನ್ನು ಹೇಳುತ್ತವೆ. ಬಳೆಗಾರನ ಕೇರಿಯೆಂಬುದಕ್ಕೂ, ಊರ ಹೊರಗೆ ಇರಿಸಿ ಜಾತಿ ಹಿಡಿದು ಕೂಗಿದ ಕೇರಿಯೆಂಬುದಕ್ಕೂ ಅಂತರವಿದೆ. ನೆರೆಯ ಮಹಾರಾಷ್ಟ್ರ ಸರಕಾರವು 2020ರ ಡಿಸೆಂಬರಿನಲ್ಲಿ ಜಾತಿಸೂಚಕವಾದ ವಸತಿಗಳ ಹೆಸರುಗಳನ್ನು ತೆಗೆದು ಬೇರೆ ಹೆಸರುಗಳನ್ನಿಡಲು ನಿಶ್ಚಯಿಸಿತು. ಅಂಥ ಹೆಸರುಗಳಲ್ಲಿ ಬದುಕಿದವರು ಬೇಡವೆಂದ ಮೇಲೆ, ಅಲ್ಲಿ ಎಂದೂ ವಾಸಿಸದ ಪಂಡಿತರು ಚರಿತ್ರೆಯ ನೆವದಿಂದ ಅವನ್ನು ಉಳಿಸಿರೆಂದು ಹೇಳತಕ್ಕದ್ದಲ್ಲ. ಹೆಸರು ಹೋಗಲಿ; ಆದರೆ ಅಂಥ ಹೆಸರೊಂದು ಇತ್ತೆಂಬ ಬರಹವು ಗ್ರಂಥದಲ್ಲಿ ಇರಲಿ. ಅನ್ಯಾಯದ ಸಾಕ್ಷಿಯೂ ಸಾಕ್ಷಿಯೇ.

ನನ್ನ ಸಂಕಟವು ಬೇರೆಯದು. ಯಾರ ಮಾನವನ್ನೂ ಕಳೆಯದ, ಯಾರಿಗೂ ಬೇಡವೆನಿಸದ ಹೆಸರುಗಳು ಸುಮ್ಮನೆ ಉದಾಸೀನದಿಂದ ಹೋಗುತ್ತಿವೆ. ಅಂಗಡಿಯ ಫಲಕದಲ್ಲಿ ‘ಮೇನ್ ರೋಡ್’ ಎಂದು ಬರೆದರೆ ಸಾಕೆನಿಸುತ್ತದೆ. ತಾಲೀಮಿನ ಅಖಾಡವು ಮುಚ್ಚಿದರೆ ಕೇರಿಯ ಹೆಸರು ಅರ್ಥವನ್ನು ಕಳೆದುಕೊಳ್ಳುತ್ತದೆ. ಮನ್ಹಿಯಾರರು ಬೇರೆ ಕಸುಬಿಗೆ ಹೋದರೆ, ಹೆಸರು ಯಾರೋ ಒಬ್ಬ ಪುರುಷನದೆಂದು ಮಕ್ಕಳು ತಿಳಿಯುತ್ತಾರೆ. ಅರ್ಥವಿಲ್ಲದ ಹೆಸರನ್ನು ಯಾರೂ ಕಾಯುವುದಿಲ್ಲ. ಔರಂಗಜೇಬನಿಂದ ಆಗದ ಕಾರ್ಯವು ಅಲಕ್ಷ್ಯದಿಂದ ಆಗುತ್ತಿದೆ.

ಇದಕ್ಕೆ ಉಪಾಯವು ಕಷ್ಟವಾದುದೇನೂ ಅಲ್ಲ. ನಮ್ಮ ಸಂಘದ ಸದಸ್ಯರೂ, ಶಾಲಾಕಾಲೇಜುಗಳ ಉಪಾಧ್ಯಾಯರೂ, ಮನೆಮನೆಯ ವಿದ್ಯಾವಂತ ಯುವಕ ಯುವತಿಯರೂ ತಂತಮ್ಮ ಓಣಿಯ ಮಟ್ಟಿಗೆ ಒಂದೊಂದು ಪುಸ್ತಕವನ್ನು ಇಟ್ಟುಕೊಳ್ಳಲಿ. ಅದರಲ್ಲಿ ನಾಲ್ಕು ಅಂಕಣಗಳು ಸಾಕು: ಜನರು ಕರೆಯುವ ಹೆಸರು; ಕಚೇರಿಯ ಕಾಗದದಲ್ಲಿರುವ ಹೆಸರು; ವೃದ್ಧರು ಹೇಳುವ ಕಾರಣ; ಅಲ್ಲಿ ಈಗ ಉಳಿದಿರುವ ಕುರುಹು. ಉರ್ದು, ಮರಾಠೀ, ಕನ್ನಡ, ತೆಲುಗು, ಯಾವ ನುಡಿಯಲ್ಲಿ ಹೇಳಿದರೆ ಆ ನುಡಿಯ ಉಚ್ಚಾರದಲ್ಲಿಯೇ ಬರೆಯಬೇಕು; ತಿದ್ದಿ ಶುದ್ಧ ಮಾಡಬಾರದು. ಎರಡು ಕಾರಣಗಳನ್ನು ಹೇಳಿದರೆ ಎರಡನ್ನೂ ಬರೆಯಬೇಕು. ಹಳೆಯ ಖರೀದಿಪತ್ರಗಳಲ್ಲಿ ಮನೆಯ ಚತುಸ್ಸೀಮೆಯನ್ನು ಹೇಳುವಾಗ ಓಣಿಯ ಹೆಸರು ಬರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಅಂಥ ಕಾಗದವಿದ್ದರೆ ಅದರಿಂದ ಹೆಸರನ್ನೂ ವರ್ಷವನ್ನೂ ಇಳಿಸಿಕೊಳ್ಳಬಹುದು. ಅಜ್ಜಿಯರನ್ನು ಮರೆಯದೆ ಕೇಳಬೇಕು. ಮದುವೆಯಾಗಿ ಬಂದ ಹೆಣ್ಣುಮಗಳು ತೌರಿನ ಓಣಿಯ ಹೆಸರನ್ನೂ ಅತ್ತೆಯ ಮನೆಯ ಓಣಿಯ ಹೆಸರನ್ನೂ ಎರಡನ್ನೂ ಬಲ್ಲವಳು. ಇಬ್ಬಗೆಯ ಸಾಕ್ಷಿ ಅವಳು. ನಗರಾಡಳಿತದವರು ಹೊಸ ಹೆಸರನ್ನಿಡುವಾಗ ಫಲಕದ ಕೆಳಸಾಲಿನಲ್ಲಿ ಹಳೆಯ ಹೆಸರನ್ನೂ ಬರೆಸಿದರೆ ಆಗುವ ವೆಚ್ಚವು ಒಂದು ಕುಂಚದ ಬಣ್ಣದಷ್ಟು.

2019ರ ಸೆಪ್ಟೆಂಬರ 17ರಂದು ನಮ್ಮ ಸೀಮೆಗೆ ‘ಹೈದರಾಬಾದ ಕರ್ನಾಟಕ’ವೆಂಬುದನ್ನು ಬಿಟ್ಟು ‘ಕಲ್ಯಾಣ ಕರ್ನಾಟಕ’ವೆಂಬ ಹೆಸರು ಬಂದಿತು. ಇದೂ ಆಜ್ಞೆಯ ಹೆಸರೇ. ಇದು ನಿಲ್ಲುವುದೋ ಇಲ್ಲವೋ ಎಂಬುದನ್ನು ಗೆಜೆಟ್ಟು ನಿರ್ಣಯಿಸುವುದಿಲ್ಲ. ಕಲ್ಯಾಣವೆಂಬ ಶಬ್ದಕ್ಕೆ ತಕ್ಕ ಕಾರ್ಯವು ಈ ನೆಲದಲ್ಲಿ ನಡೆದು, ಜನರು ಅದನ್ನು ತಮ್ಮ ಮಾತಿನಲ್ಲಿ ಕೂಡಿಸಿಕೊಂಡರೆ ನಿಲ್ಲುತ್ತದೆ. ನೀರೆರೆದ ಪನ್ಸಾಲವೂ, ಬಳೆ ತೊಡಿಸಿದ ಮನ್ಹಿಯಾರವೂ ನಿಂತುದು ಹಾಗೆಯೇ. ಕೆಲಸವು ಮೊದಲು, ಹೆಸರು ಆಮೇಲೆ. ಈ ಕ್ರಮವನ್ನು ಬೀದರದ ಬೀದಿಗಳು ಆರು ನೂರು ವರ್ಷಗಳಿಂದ ಹೇಳುತ್ತ ಬಂದಿವೆ. ವಾಚಕರು ತಂತಮ್ಮ ಓಣಿಯ ಹೆಸರನ್ನು ಬರೆದಿಡುವ ಕಾರ್ಯವನ್ನು ಈ ತಿಂಗಳಿನಲ್ಲಿಯೇ ಆರಂಭಿಸಬೇಕೆಂದು ವಿಜ್ಞಾಪಿಸಿ ಲೇಖನವನ್ನು ಮುಗಿಸುತ್ತೇನೆ.